ಓಲೆಯ ಮೇಲೆ ಬಣ್ಣವಿಟ್ಟವರು

ನಮ್ಮ ಊರಿನ ಮನೆಯಲ್ಲಿ ತಾಡವೋಲೆಯ ಒಂದು ಕಟ್ಟಿತ್ತು. ಶ್ರುತಪಂಚಮಿಯ ದಿನ ಅಜ್ಜಿ ಅದಕ್ಕೆ ಅಷ್ಟದ್ರವ್ಯವಿಟ್ಟು ಪೂಜಿಸುತ್ತಿದ್ದರು. ಬಿಚ್ಚಿ ನೋಡುವ ರೂಢಿ ಇರಲಿಲ್ಲ. ವ್ಯಾಪಾರಕ್ಕೆಂದು ಗೋವೆಗೆ ಬಂದು ನೆಲೆಸಿದ ನಾನು ಎಷ್ಟೋ ವರ್ಷಗಳ ಮೇಲೆ ಬಿಚ್ಚಿದಾಗ ಅರ್ಧಕ್ಕರ್ಧ ಹುಳುಗಳ ಪಾಲಾಗಿತ್ತು. ಅಂಗಡಿಯ ಕಿರ್ದಿ-ಖಾತೆಯನ್ನು ನಾನು ಹೀಗೆ ಬಿಡುತ್ತಿದ್ದೆನೇ?

ಆ ಕೊರಗಿನಲ್ಲೇ ಮಡಗಾಂವಿನಿಂದ ರೈಲು ಹತ್ತಿ, ಮಂಗಳೂರಿಗೆ ಹೋಗಿ, ಮೂಡುಬಿದಿರೆಯ ದರ್ಶನ ಮಾಡಿ ಬಂದೆ. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಳಾ, ಜಯಧವಳಾ, ಮಹಾಧವಳಾ ಪ್ರತಿಗಳು ಹೊಯ್ಸಳರ ಕಾಲದವು. ಸುಮಾರು 900 ವರ್ಷಗಳಷ್ಟು ಹಳೆಯವು. ಭಾಷೆ ಪ್ರಾಕೃತ, ಸಂಸ್ಕೃತ; ಲಿಪಿ ಮಾತ್ರ ನಮ್ಮ ಹಳಗನ್ನಡದ್ದು.

ಸಾಮಾನ್ಯ ಓಲೆಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು ಕಾಡಿಗೆ ತುಂಬುತ್ತಾರೆ. ಇವು ಹಾಗಲ್ಲ. ಅಗಲವಾದ ಶ್ರೀತಾಳದ ಓಲೆಯ ಮೇಲೆ ಲೇಖನಿಯಿಂದ ಮಸಿಯಲ್ಲಿ ಬರೆದವು. ಓಲೆಯನ್ನು ಹದಮಾಡಿ, ನಯಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ತೂತು ಮಾಡುತ್ತಿದ್ದರು. ಚಿತ್ರಕ್ಕೆ ಬೇಕಾದ ಜಾಗ ಬಿಟ್ಟು ಅಕ್ಷರ ತುಂಬುತ್ತಿದ್ದರು. ಬೆರಳೆರಡರ ಆ ಪುಟ್ಟ ಜಾಗದಲ್ಲಿ ಚಿತ್ರಕಾರ ರೇಖೆ ಎಳೆದು, ಕೆಂಪು, ಹಳದಿ, ನೀಲಿ, ಹಸಿರು ಬಣ್ಣ ತುಂಬಿದ. ಪಾರ್ಶ್ವನಾಥ, ಬಾಹುಬಲಿ, ಯಕ್ಷಿಯರು, ಕೈಮುಗಿದ ಶ್ರಾವಕರು ಅಲ್ಲಿ ಮೂಡಿದರು. ಕೈ ತಪ್ಪಿದರೆ ಅಳಿಸುವುದು ಸುಲಭವಲ್ಲ.

ಇಷ್ಟು ಕೆಲಸಕ್ಕೆ ಹಣ ಬೇಕಲ್ಲವೇ? ಧವಳಾ ಪ್ರತಿಯನ್ನು ದೇಮಿಯಕ್ಕ ಎಂಬ ಶ್ರಾವಿಕೆ ಬರೆಸಿ, ಶ್ರುತಪಂಚಮಿ ವ್ರತದ ಉದ್ಯಾಪನೆಗೆ ಶುಭಚಂದ್ರ ಸಿದ್ಧಾಂತದೇವರಿಗೆ ದಾನ ಮಾಡಿದಳು. 1120ರಲ್ಲಿ ಸಮಾಧಿಮರಣ ಹೊಂದಿದಳೆಂದು ಶ್ರವಣಬೆಳಗೊಳದ ಶಾಸನ ಹೇಳುವ ದೇಮತಿ ಇವಳೇ ಎಂದು ವಿದ್ವಾಂಸರ ಅಭಿಪ್ರಾಯ. ಆಕೆಯ ಪತಿ ಚಾಮುಂಡ ನಮ್ಮಂತೆಯೇ ವರ್ತಕ! ಮಹಾಧವಳಾ ಬರೆಸಿದವಳೂ ಗೃಹಿಣಿಯೇ, ಮಲ್ಲಿಕಬ್ಬೆ. ಅದಕ್ಕೂ ಮೊದಲು ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಎಲ್ಲರಿಗೂ ಗೊತ್ತು.

ಅಂದಿನವರು ದುಡಿದ ಹಣದಲ್ಲಿ ಶಾಸ್ತ್ರ ಬರೆಸಿದರು. ನಾವು ಬರೆಸುವುದಿರಲಿ, ಇದ್ದುದನ್ನಾದರೂ ಉಳಿಸೋಣ. ಸಾಧರ್ಮಿ ಬಂಧುಗಳೇ, ಈ ಬಾರಿ ಜ್ಯೇಷ್ಠ ಶುದ್ಧ ಪಂಚಮಿಯಂದು ಮನೆಯ ಕಟ್ಟನ್ನು ಮೆಲ್ಲಗೆ ಬಿಚ್ಚಿ, ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ; ತೇವ ತಾಗದಂತೆ ಒಗೆದ ಹತ್ತಿಬಟ್ಟೆಯಲ್ಲಿ ಕಟ್ಟಿಡಿರಿ. ಮಸಿಯ ಬರಹ ಅಥವಾ ಚಿತ್ರವಿದ್ದರೆ ಎಣ್ಣೆ ಸವರದೆ, ತಿಳಿದವರಿಗೆ ತೋರಿಸಿರಿ. ಉಳಿದ ನನ್ನ ಅರ್ಧ ಕಟ್ಟನ್ನು ನಾನೂ ಹಾಗೆಯೇ ಇಟ್ಟಿದ್ದೇನೆ. ಈಗ ಮೊಮ್ಮಕ್ಕಳ ಕೈಯಿಂದಲೇ ಬಿಚ್ಚಿಸುತ್ತೇನೆ.