ಅಡಿಕೆ ಮರಕ್ಕೆ ಸುಣ್ಣ ಯಾಕೆ, ಯಾವ ಕಡೆಗೆ?

ಮಳೆ ನಿಂತು ಬಿಸಿಲು ಬೀಳ್ತಿದ್ದಂಗೆ ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಕಡೆ ಅಡಿಕೆ ತೋಟಗಳಲ್ಲಿ ಸುಣ್ಣದ ಬಕೆಟ್ ಹೊರಗೆ ಬರುತ್ತೆ. "ಎಲ್ರೂ ಬಳೀತಾರೆ, ನಾವೂ ಬಳೀತೀವಿ" ಅನ್ನೋರೇ ಜಾಸ್ತಿ. ಕೆಲವರಂತೂ ಚೆಂದ ಕಾಣಲಿ ಅಂತ ರಸ್ತೆ ಪಕ್ಕದ ಸಾಲಿಗೆ ಬಳಿದು, ಬಿಸಿಲು ಹೊಡೆಯೋ ಸಾಲನ್ನೇ ಬಿಟ್ಟಿರ್ತಾರೆ!

ಏಪ್ರಿಲ್-ಮೇನಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿ ಮೇಲಿರ್ತಾನೆ. ಬಿಸಿಲು ಗರಿ ಮೇಲೆ ಬೀಳುತ್ತೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಹಾಗಲ್ಲ. ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಮಧ್ಯಾಹ್ನದ ಮೇಲಿನ ಬಿಸಿಲು ನೈಋತ್ಯದಿಂದ ಓರೆಯಾಗಿ ಬಂದು ಕಾಂಡಕ್ಕೇ ಹೊಡೆಯುತ್ತೆ. ಮೊದಲು ಹೊನ್ನಿನ ಹಳದಿ ಮಚ್ಚೆ, ಆಮೇಲೆ ಅದೇ ಕಂದು ಬಣ್ಣ, ಆಮೇಲೆ ಸೀಳು. ಸೀಳಿನೊಳಗೆ ಶಿಲೀಂಧ್ರ, ಹುಳ ಸೇರಿಕೊಂಡ ಮೇಲೆ ಜೋರು ಗಾಳಿಗೆ ಮರ ಅಲ್ಲೇ ಮುರಿಯುತ್ತೆ. ಮುರಿದ ಅಡಿಕೆ ಮರ ಮತ್ತೆ ಚಿಗುರಲ್ಲ, ಅಷ್ಟು ವರ್ಷದ ಆರೈಕೆ ಹೋದಂಗೆ.

ಬಿಳಿ ಬಣ್ಣ ಬಿಸಿಲನ್ನ ವಾಪಸ್ ಕಳಿಸುತ್ತೆ; ಸುಣ್ಣದ ಕೆಲಸ ಇಷ್ಟೇ. ಉತ್ತರ ಧ್ರುವದ ಸಮುದ್ರದ ಮೇಲಿರೋ ಮಂಜುಗಡ್ಡೆ ಉಳಿದಿರೋದರಲ್ಲೂ ಈ ಬಿಳುಪಿನ ಪಾಲು ದೊಡ್ಡದು. ಹೊಸದಾಗಿ ಬಿದ್ದ ಹಿಮ ಶೇ. 80ಕ್ಕಿಂತ ಹೆಚ್ಚು ಬಿಸಿಲನ್ನ ಹಿಂದಕ್ಕೆ ಕಳಿಸುತ್ತೆ. ಹಿಮ ಹೋಗಿ ಬರೀ ಮಂಜುಗಡ್ಡೆ ಉಳಿದರೆ ಶೇ. 50ರಿಂದ 70. ಅದೂ ಕರಗಿ ಕಪ್ಪು ನೀರು ಕಂಡರೆ ಶೇ. 10ಕ್ಕಿಂತ ಕಡಿಮೆ, ಉಳಿದದ್ದನ್ನೆಲ್ಲ ನೀರೇ ಕುಡಿಯುತ್ತೆ. ಆ ಕಾದ ನೀರು ಪಕ್ಕದ ಮಂಜುಗಡ್ಡೆಯನ್ನ ಬದಿಯಿಂದ, ಅಡಿಯಿಂದ ಕರಗಿಸಿ ತೆಳ್ಳಗೆ ಮಾಡುತ್ತೆ. ತೆಳ್ಳಗಾದದ್ದು ಇನ್ನೂ ಬೇಗ ಕರಗುತ್ತೆ, ಮತ್ತಷ್ಟು ನೀರು ತೆರೆದುಕೊಳ್ಳುತ್ತೆ. ಹಿಮದ ಮೇಲೆ ಮಸಿ, ಧೂಳು ಕೂತರೂ ಕರಗೋದು ಜೋರಾಗುತ್ತೆ.

ನಮ್ಮ ಸುಣ್ಣಕ್ಕೂ ಧೂಳೇ ಶತ್ರು. ಬೆಳ್ಳಗಿರೋವರೆಗೆ ಮಾತ್ರ ಅದು ಕಾಯುತ್ತೆ. ಕೆಂಪು ಧೂಳು ಮೆತ್ತಿದರೆ, ಅಕಾಲ ಮಳೆ ತೊಳೆದರೆ ಇನ್ನೊಂದು ಸಲ ಬಳಿಯಿರಿ. ಸುಣ್ಣ ಅರಳಿಸಿ, ಪೂರ್ತಿ ತಣ್ಣಗಾದ ಮೇಲೇ ಹಚ್ಚಬೇಕು. ದಕ್ಷಿಣ, ಪಶ್ಚಿಮ ಅಂಚಿನ ಸಾಲು ಮತ್ತು ಎಳೆ ಮರಗಳಿಗೆ ಮೊದಲು. ಪಕ್ಕದ ಹೊಲದವರು ಬದುವಿನ ಮರ ಕಡಿಸಿದ್ದರೆ, ಇಷ್ಟು ದಿನ ನೆರಳಲ್ಲಿದ್ದ ಆ ಸಾಲನ್ನ ಮರೀಬೇಡಿ. ಸುಣ್ಣ ಆಗದಿದ್ದರೆ ಅಡಿಕೆ ಸೋಗೆ, ಹಾಳೆ ಸುತ್ತಿ ಕಟ್ಟಿದರೂ ನಡೆಯುತ್ತೆ.

ಮೆಕ್ಕೆಜೋಳದ ಹೊಲದಲ್ಲಿ ಹೊಸದಾಗಿ ಅಡಿಕೆ ಹಾಕೋರಿಗೆ ಇನ್ನೊಂದು ದಾರಿ ಇದೆ. ಉತ್ತರ-ದಕ್ಷಿಣ ಸಾಲಿನ ದಕ್ಷಿಣದ ತುದಿಯನ್ನ 35 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಿ ಗುಂಡಿ ಗುರುತು ಮಾಡಿ. ಆಗ ಒಂದು ಮರದ ನೆರಳು ಇನ್ನೊಂದರ ಕಾಂಡಕ್ಕೆ ಬೀಳುತ್ತೆ, ಸುಣ್ಣ ಬೇಕಾಗೋದು ಅಂಚಿನ ಮರಗಳಿಗೆ ಮಾತ್ರ.