‘ನಮ್ಮೂರಲ್ಲೂ ಹಂಗೇನಾ ಅಮ್ಮ?’

ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂದು ಶಾಲೆಯಲ್ಲಿ ಕೇಳಿ ಬಂದ ಮಗು ಯಲಹಂಕದ ಮನೆಯ ಮಹಡಿಯಲ್ಲಿ ಒಂದು ಕೋಲು ನಿಲ್ಲಿಸಿ ನೋಡಲಿ. ಕೇಳಿದ್ದಕ್ಕೂ ಕಂಡದ್ದಕ್ಕೂ ತಾಳೆಯಾಗುವುದಿಲ್ಲ. ಡಿಸೆಂಬರ್ 21ರ ನಡುಮಧ್ಯಾಹ್ನ ಒಂದು ಮೀಟರ್ ಕೋಲಿನ ನೆರಳು ಉತ್ತರಕ್ಕೆ ಸುಮಾರು 74 ಸೆಂಟಿಮೀಟರ್ ಚಾಚಿರುತ್ತದೆ. ಜೂನ್ 21ಕ್ಕೆ ಅದೇ ನೆರಳು 18 ಸೆಂಟಿಮೀಟರ್‌ಗೆ ಕುಗ್ಗಿ, ದಕ್ಷಿಣಕ್ಕೆ ತಿರುಗಿರುತ್ತದೆ!

‘ಮಿಸ್ ಹೇಳಿದ್ದು ಹಂಗಲ್ವಲ್ಲ’ ಎಂದು ಮಗು ಹುಬ್ಬು ಗಂಟಿಕ್ಕುತ್ತದೆ. ಕಲಿಕೆ ನಿಜವಾಗಿ ಶುರುವಾಗುವುದು ಆ ಗಳಿಗೆಯಲ್ಲಿ.

ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದ ಸೂರ್ಯ ವರ್ಷವಿಡೀ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವೆ ಓಡಾಡುವಂತೆ ಕಾಣುತ್ತಾನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಸೂರ್ಯ ಇಲ್ಲಿ ನೆಟ್ಟಗೆ ನೆತ್ತಿಗೇರುತ್ತಾನೆ. ಆಗ ನೇರ ನಿಂತ ಕೋಲಿಗೆ ನೆರಳೇ ಬೀಳುವುದಿಲ್ಲ. ಇದೇ ಶೂನ್ಯ ನೆರಳಿನ ದಿನ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವ ದೆಹಲಿಯ ಮಕ್ಕಳಿಗೆ ತಮ್ಮೂರಲ್ಲಿ ಇದನ್ನು ನೋಡುವ ಭಾಗ್ಯವಿಲ್ಲ.

ಏಪ್ರಿಲ್‌ನಲ್ಲಿ ಹೆಚ್ಚಿನ ಶಾಲೆಗಳಿಗೆ ಬೇಸಿಗೆ ರಜೆ, ಆಗಸ್ಟ್‌ನಲ್ಲಿ ಮೋಡದ ಕಾಟ. ರಜೆಯ ಆ ದಿನ 12 ಗಂಟೆ 17 ನಿಮಿಷದ ಹೊತ್ತಿಗೆ ಮಹಡಿಗೆ ಹೋಗಿ ನೀರಿನ ಬಾಟಲಿ ಇಟ್ಟರೆ ಸಾಕು. ಮಂಗಳೂರಿನಲ್ಲಿ ಚಿಕ್ಕಮ್ಮನ ಮಕ್ಕಳಿದ್ದರೆ ಇನ್ನೂ ಒಳ್ಳೆಯದು. ಅಕ್ಷಾಂಶ ಹೆಚ್ಚುಕಮ್ಮಿ ಒಂದೇ ಆದ್ದರಿಂದ ದಿನವೂ ಒಂದೇ. ಊರು ಪಶ್ಚಿಮಕ್ಕಿರುವುದರಿಂದ ನೆರಳು ಮಾಯವಾಗುವುದು ಸುಮಾರು 11 ನಿಮಿಷ ತಡವಾಗಿ. ಒಂದು ಫೋನ್ ಕರೆಯಲ್ಲಿ ಭೂಮಿ ತಿರುಗುವುದು ಮಗುವಿಗೆ ಗೊತ್ತಾಗಿಬಿಡುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟೋಸ್ತನೀಸ್ ಎಂಬ ವಿದ್ವಾಂಸ ಈಜಿಪ್ಟಿನ ಎರಡು ಊರುಗಳ ಮಧ್ಯಾಹ್ನದ ನೆರಳನ್ನು ಹೀಗೆಯೇ ಹೋಲಿಸಿ ಇಡೀ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ್ದ.

ಇತಿಹಾಸದ ಪಾಠವೂ ಹೀಗೆ ಬೀದಿಗೆ ಇಳಿಯಬಲ್ಲದು. ತಲಕಾಡಿನ ಗಂಗರು ಎಂದರೆ ಎಲ್ಲೋ ದೂರದವರು ಎಂದುಕೊಂಡ ಮಗು ದಿನವೂ ಶಾಲೆಯ ವ್ಯಾನಿನಲ್ಲಿ ಹೆಬ್ಬಾಳ ದಾಟುತ್ತದೆ. ಅದೇ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗೆ ಅಗೆಯುವಾಗ ಗಂಗರ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲು ಸಿಕ್ಕಿತು. ರಟ್ಟರ ದಾಳಿಯನ್ನು ಎದುರಿಸಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ. ಬೆಂಗಳೂರಿನ ಇಂಥ ಶಾಸನಗಳನ್ನು ಮಿಥಿಕ್ ಸೊಸೈಟಿ ತ್ರಿಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ.

ಕಲ್ಲಿನ ಮುಂದೆ ನಿಂತ ಮಗುವಿನ ಯೋಚನೆ ಇಸವಿಯನ್ನು ಬಿಟ್ಟು ಬೇರೆಡೆಗೆ ಓಡುತ್ತದೆ. ಕಿತ್ತಯ್ಯ ಸತ್ತ ಮೇಲೆ ಇದನ್ನು ಕೆತ್ತಿಸಿದವರು ಯಾರು? ಇದೂ ಕನ್ನಡವಾದರೆ ನನಗೇಕೆ ಓದಲು ಬರುವುದಿಲ್ಲ? ಎರಡನೆಯದಕ್ಕೆ ಉತ್ತರ ಹುಡುಕಹೊರಟರೆ ಲಿಪಿ ಶತಮಾನಗಳಲ್ಲಿ ಬದಲಾದ ಕಥೆಯೇ ಬಿಚ್ಚಿಕೊಳ್ಳುತ್ತದೆ.

ಕಲಿಕೆಯನ್ನು ಶಾಲೆಯಾಚೆಯ ಬದುಕಿಗೆ ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒತ್ತಿ ಹೇಳಿತ್ತು. ಆ ಬೆಸುಗೆಯ ಅರ್ಧ ಕೆಲಸ ಮನೆಯದು. ಸಂಜೆ ಬ್ಯಾಗು ಇಳಿಸುವ ಮೊದಲೇ ‘ಟೆಸ್ಟಲ್ಲಿ ಎಷ್ಟು ಬಂತು?’ ಎಂದು ಕೇಳಿದರೆ ಮಗು ಒಂದು ಸಂಖ್ಯೆ ಹೇಳಿ ಸುಮ್ಮನಾಗುತ್ತದೆ. ‘ಇವತ್ತು ಯಾವುದು ನಂಬೋಕೇ ಆಗಲಿಲ್ಲ?’ ಎಂದರೆ ಕಥೆ ಶುರುವಾಗುತ್ತದೆ. ಹೇಳುತ್ತ ಹೇಳುತ್ತ ತನಗೆಲ್ಲಿ ಅರ್ಥವಾಗಿಲ್ಲ ಎಂಬುದೂ ಅದಕ್ಕೆ ತಿಳಿಯುತ್ತದೆ. ಹಿರಿಯರಿಗೆ ಉತ್ತರ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಪ್ರಶ್ನೆಯನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಸಿ ಮರುದಿನ ಮಿಸ್ ಹತ್ತಿರ ಕೇಳಿ ಬರಲು ಹೇಳಬಹುದು, ಭಾನುವಾರ ಜೊತೆಗೇ ಹೆಬ್ಬಾಳಕ್ಕೆ ಹೋಗಿ ಬರಬಹುದು.