‘ಸಾಫ್ಟ್‌ವೇರ್ ಹೋಗಿದೆ’ ಅಂದ್ರೆ ಹೋಗಿದ್ದು ಯಾವುದು? ಸಿಸ್ಟಂ, ಆ್ಯಪ್ ಮತ್ತು ನಮ್ಮ ತೋಟದ ಲೆಕ್ಕ

ಎರಡು ವರ್ಷದ ಹಿಂದೆ ಅಡಿಕೆ ಸುಗ್ಗಿ ಜೋರಾಗಿದ್ದಾಗ ನನ್ನ ಫೋನ್ ಕೈಕೊಟ್ಟಿತು. ಆನ್ ಮಾಡಿದರೆ ಕಂಪನಿಯ ಹೆಸರು ಬರುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ಕುಂಸಿಯಿಂದ ಬಸ್ ಹತ್ತಿ ಶಿವಮೊಗ್ಗದ ಒಂದು ರಿಪೇರಿ ಅಂಗಡಿಗೆ ಹೋದೆ. ಅವರು ನೋಡಿ, ‘ಸಾಫ್ಟ್‌ವೇರ್ ಹೋಗಿದೆ, ಹೊಸದಾಗಿ ಹಾಕಿ ಕೊಡ್ತೀನಿ’ ಅಂದರು. ‘ಹಾಕಿ’ ಅಂದೆ. ಮುಕ್ಕಾಲು ಗಂಟೆಯಲ್ಲಿ ಫೋನ್ ಹೊಸದರ ಹಾಗೆ ಓಡತೊಡಗಿತು. ವಾಪಸ್ ಬರುವಾಗ ಬಸ್ಸಿನಲ್ಲೇ ಲೆಕ್ಕದ ಆ್ಯಪ್ ಮತ್ತೆ ಇಳಿಸಿಕೊಂಡು ತೆರೆದೆ. ಖಾಲಿ.

ಅದರಲ್ಲಿ ನಲವತ್ತು ದಿನದ ಲೆಕ್ಕ ಇತ್ತು. ಕೊಯ್ಲಿನವರಿಗೆ ಕೊಟ್ಟ ಮುಂಗಡ, ಸುಲಿಯಲು ಬಂದವರ ಹಾಜರಿ, ಚೇಣಿಗೆ ಹಿಡಿದಿದ್ದ ತೋಟದ ಮಾಲೀಕರಿಗೆ ಕೊಟ್ಟ ಕಂತು, ಎಲ್ಲವೂ. ಸುಲಿಯುವವರಲ್ಲಿ ಒಬ್ಬ ಅಮ್ಮ ಮಾತ್ರ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ತನ್ನ ದಿನಗಳನ್ನು ಗೆರೆ ಹಾಕಿ ಇಟ್ಟುಕೊಂಡಿದ್ದರು. ಉಳಿದವರಿಗೆ ಬಾಯಿಮಾತಿನ ಮೇಲೆ ಕೂಲಿ ಕೊಟ್ಟೆ. ಚೇಣಿ ತೋಟದವರು ಒಂದು ಮೊತ್ತ ಹೇಳಿದರು, ನನ್ನ ನೆನಪು ಇನ್ನೊಂದು ಹೇಳಿತು. ನಡುವೆ ಎಲ್ಲೋ ಒಪ್ಪಿಕೊಂಡೆವು. ದುಡ್ಡು ಹೋಗಿದ್ದಕ್ಕಿಂತ, ವರ್ಷಗಳಿಂದ ಗೊತ್ತಿರುವವರ ಮುಖ ನೋಡುತ್ತಾ ‘ಇವರು ಹೇಳ್ತಿರೋದು ನಿಜಾನಾ’ ಅಂತ ಅನುಮಾನ ಬಂತಲ್ಲ, ಅದು ಹೆಚ್ಚು ಬೇಜಾರು ಮಾಡಿತು.

ತಪ್ಪು ಅಂಗಡಿಯವರದು ಅಂತ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಅರ್ಥವಾಯಿತು: ನಾವಿಬ್ಬರೂ ‘ಸಾಫ್ಟ್‌ವೇರ್’ ಅನ್ನುವ ಒಂದೇ ಪದವನ್ನು ಎರಡು ಅರ್ಥದಲ್ಲಿ ಆಡಿದ್ದೆವು. ಈ ವಾರ ಆ ಎರಡು ಅರ್ಥ ಬಿಡಿಸಿ ಹೇಳ್ತೀನಿ. ತೋಟವೂ ಒಂದು ವ್ಯವಹಾರವೇ. ಅದರ ಲೆಕ್ಕ ಫೋನಿಗೆ ಬಂದ ಮೇಲೆ ಇಷ್ಟು ತಿಳಿದಿರಲೇಬೇಕು.

ಯಾರ್ಡು ಮತ್ತು ಮಂಡಿ

ಶಿವಮೊಗ್ಗದ ಎಪಿಎಂಸಿ ಯಾರ್ಡಿಗೆ ಅಡಿಕೆ ಒಯ್ದವರಿಗೆ ಇದು ಸುಲಭ. ಯಾರ್ಡ್ ಅಂದರೆ ಗೇಟು, ರಸ್ತೆ, ಕರೆಂಟು, ಕಾವಲು. ಅದರೊಳಗೆ ಮಂಡಿಗಳಿವೆ. ನಾವು ಹೋಗುವುದು ಯಾರ್ಡ್ ನೋಡಲು ಅಲ್ಲ, ಮಂಡಿಯಲ್ಲಿ ಮಾಲು ಮಾರಲು. ಆದರೆ ಗೇಟು ಮುಚ್ಚಿದರೆ ಯಾವ ಮಂಡಿಯೂ ನಡೆಯದು.

ಫೋನಿನಲ್ಲಿ ಯಾರ್ಡ್ ಇದ್ದ ಹಾಗೆ ಸಿಸ್ಟಂ ಸಾಫ್ಟ್‌ವೇರ್. ಅದರಲ್ಲಿ ಮುಖ್ಯವಾದದ್ದು ಆಪರೇಟಿಂಗ್ ಸಿಸ್ಟಂ. ನಮ್ಮಲ್ಲಿ ಹೆಚ್ಚಿನವರ ಫೋನಿನಲ್ಲಿರುವುದು ಆಂಡ್ರಾಯ್ಡ್, ಕಚೇರಿ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ವಿಂಡೋಸ್. ಪರದೆ, ಕ್ಯಾಮೆರಾ, ಜಿಪಿಎಸ್, ಮೆಮೊರಿ, ಬ್ಯಾಟರಿ ಇವನ್ನೆಲ್ಲ ನಡೆಸುವುದು ಅದು. ಪ್ರಿಂಟರಿಗೂ ಕಂಪ್ಯೂಟರಿಗೂ ಮಾತು ದಾಟಿಸುವ ‘ಡ್ರೈವರ್’ ಕೂಡ ಇದೇ ಗುಂಪಿನದು. ವಿಂಡೋಸ್ ಬದಲಿಸಿದ ಮಾರನೇ ದಿನ ರಸೀದಿ ಪ್ರಿಂಟ್ ಆಗದಿದ್ದರೆ, ಬಿಲ್ಲಿಂಗ್ ಸಾಫ್ಟ್‌ವೇರನ್ನು ಬೈಯುವ ಮೊದಲು ಡ್ರೈವರ್ ನೋಡಿಸಬೇಕು.

ಮಂಡಿ ಇದ್ದ ಹಾಗೆ ಅಪ್ಲಿಕೇಷನ್ ಸಾಫ್ಟ್‌ವೇರ್, ನಾವು ಆ್ಯಪ್ ಅನ್ನುವುದು ಇದನ್ನೇ. ಒಂದು ನಿರ್ದಿಷ್ಟ ಕೆಲಸಕ್ಕೆ ಮಾಡಿದ್ದು. ಕೆಲವು ಎಲ್ಲರ ಬಳಕೆಗೆ: ವಾಟ್ಸ್‌ಆ್ಯಪ್, ಎಕ್ಸೆಲ್. ಕೆಲವು ವ್ಯಾಪಾರಕ್ಕೆ: ಲೆಕ್ಕಪತ್ರಕ್ಕೆ ಬಳಸುವ ಬೆಂಗಳೂರಿನ ಕಂಪನಿಯ ಟ್ಯಾಲಿ. ಇನ್ನು ಕೆಲವು ಒಂದು ವ್ಯವಸ್ಥೆಗೆಂದೇ ಬರೆಸಿದವು. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಆ ಸಂಘಗಳ ಸಾಲ, ಠೇವಣಿ, ಗೊಬ್ಬರದ ಲೆಕ್ಕಕ್ಕೆ ತರುತ್ತಿರುವ ಒಂದೇ ಬಗೆಯ ಸಾಫ್ಟ್‌ವೇರ್ ಈ ಕೊನೆಯ ಗುಂಪಿನದು.

ಆ್ಯಪ್ ಕೇಳುತ್ತದೆ, ಸಿಸ್ಟಂ ಕೊಡುತ್ತದೆ

ಬೆಳೆ ಸಮೀಕ್ಷೆ ಆ್ಯಪ್ ನೋಡಿ. ನಮ್ಮ ಬೆಳೆಯ ವಿವರ ನಾವೇ ಹಾಕುವ ಅವಕಾಶ 2020ರ ಮುಂಗಾರಿನಲ್ಲಿ ಬಂತು. ಸರ್ವೆ ನಂಬರಿನೊಳಗೆ ನಿಂತು ಫೋಟೊ ತೆಗೆಯಬೇಕು. ಆದರೆ ನಾವು ಎಲ್ಲಿ ನಿಂತಿದ್ದೇವೆ ಅಂತ ಆ್ಯಪಿಗೆ ತಾನಾಗಿ ಗೊತ್ತಾಗುವುದಿಲ್ಲ. ಅದು ಆಂಡ್ರಾಯ್ಡನ್ನು ಕೇಳುತ್ತದೆ, ಆಂಡ್ರಾಯ್ಡ್ ಜಿಪಿಎಸ್ಸಿನಿಂದ ತಿಳಿದು ಹೇಳುತ್ತದೆ. ದಟ್ಟ ಅಡಿಕೆ ತೋಟದ ನಡುವೆ ಜಿಪಿಎಸ್ ಸಂಕೇತ ಸರಿಯಾಗಿ ಸಿಗದೆ ಜಾಗ ಆಚೀಚೆ ತೋರಿಸಬಹುದು. ಆಗ ಆ್ಯಪ್ ತೆಗೆದು ಮತ್ತೆ ಹಾಕಿದರೆ ಪ್ರಯೋಜನವಿಲ್ಲ. ಲೊಕೇಷನ್ ಆನ್ ಇದೆಯಾ, ಆ್ಯಪಿಗೆ ಅನುಮತಿ ಕೊಟ್ಟಿದ್ದೀರಾ ನೋಡಿ. ನಿಮ್ಮ ಸರ್ವೆ ನಂಬರಿನೊಳಗೇ ಆಕಾಶ ಕಾಣುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಈ ‘ಅನುಮತಿ’ಯೇ ಯಾರ್ಡಿನ ಗೇಟು. ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸ್‌ಆ್ಯಪಿಗೆ ನಕಲಿ ಎಪಿಕೆ ಫೈಲುಗಳು ಬರುತ್ತವೆ. ಒತ್ತಿದ ಕೂಡಲೇ ಆಂಡ್ರಾಯ್ಡ್ ‘ಗೊತ್ತಿಲ್ಲದ ಮೂಲ, ಹಾಕಲೇ?’ ಅಂತ ಕೇಳುತ್ತದೆ. ಆಮೇಲೆ ಎಸ್‌ಎಂಎಸ್ ಓದಲು ಬಿಡಲೇ ಅಂತ ಕೇಳುತ್ತದೆ. ಎರಡಕ್ಕೂ ‘ಹೂಂ’ ಅಂದರೆ ಬ್ಯಾಂಕಿನ ಒಟಿಪಿ ಕಳ್ಳನ ಕೈಗೆ ಹೋಗಬಹುದು. ಗೇಟಿನ ಕಾವಲುಗಾರ ಕೇಳಿದಾಗ ಓದದೆ ತಲೆಯಾಡಿಸಬೇಡಿ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮೂರನೆಯದೇ ನಮ್ಮದು

ಸಿಸ್ಟಂ ಒಂದು, ಆ್ಯಪ್ ಎರಡು. ನಾನು ಮರೆತಿದ್ದು ಮೂರನೆಯದನ್ನು: ಆ್ಯಪಿನೊಳಗೆ ನಾವು ತುಂಬಿದ ಮಾಹಿತಿ, ಅಂದರೆ ಡೇಟಾ. ಸಿಸ್ಟಂ ಕೆಟ್ಟರೆ ಅಂಗಡಿಯಲ್ಲಿ ಮತ್ತೆ ಹಾಕಿಸಬಹುದು. ಆ್ಯಪ್ ಹೋದರೆ ಪ್ಲೇ ಸ್ಟೋರಿನಲ್ಲಿ ಸಿಗುತ್ತದೆ. ಆದರೆ ‘ಈ ದಿನ ಇವರಿಗೆ ಇಷ್ಟು ಕೊಟ್ಟೆ’ ಅನ್ನುವುದು ಯಾವ ಸ್ಟೋರಿನಲ್ಲೂ ಸಿಗುವುದಿಲ್ಲ. ಅಂಗಡಿಯವರು ಹಾಕಿದ್ದು ಹೊಸ ಸಿಸ್ಟಂ. ಹಾಗೆ ಹಾಕುವಾಗ ಫೋನಿನೊಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ನನ್ನ ಆ್ಯಪ್ ಮೊದಲ ದಿನವೇ ಇಮೇಲ್ ಕೊಟ್ಟು ಬ್ಯಾಕಪ್ ಇಡಿ ಅಂದಿತ್ತು, ನಾನು ‘ಆಮೇಲೆ’ ಒತ್ತಿದ್ದೆ.

ಇದನ್ನು ಸರಿಯಾಗಿ ಮಾಡಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ: ಭೂಮಿ. ಮೊದಲು ಪಹಣಿ ಇರುತ್ತಿದ್ದದ್ದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ. 2000ದ ಹೊತ್ತಿಗೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಡೆಯಿತು. ಭೂಮಿ ಒಂದು ಅಪ್ಲಿಕೇಷನ್ ಸಾಫ್ಟ್‌ವೇರ್, ಅದನ್ನು ರೂಪಿಸಿದ್ದು ಎನ್‌ಐಸಿ. ಅಂದಿನ ಕಂಪ್ಯೂಟರುಗಳು ಇಂದು ಗುಜರಿ ಸೇರಿವೆ, ಪಹಣಿ ಮಾತ್ರ ಹಾಗೇ ಮುಂದುವರಿದಿದೆ. ಕುಂಸಿ ನಾಡಕಚೇರಿಯಲ್ಲಿ ಕಂಪ್ಯೂಟರ್ ಕೆಟ್ಟು ನಿಂತರೂ ನನ್ನ ಪಹಣಿಯನ್ನು ಬೇರೆ ಕಡೆ ತೆಗೆಸಬಹುದು, ಫೋನಿನಲ್ಲೂ ನೋಡಬಹುದು. ಯಂತ್ರ, ಸಿಸ್ಟಂ, ಅಪ್ಲಿಕೇಷನ್ ಬದಲಾಗುತ್ತವೆ, ಮಾಹಿತಿ ಉಳಿಯಬೇಕು. ಸರ್ಕಾರದ ಪಹಣಿಗೆ ಇರುವ ಈ ಎಚ್ಚರ ನಮ್ಮ ಕೂಲಿ ಲೆಕ್ಕಕ್ಕೂ ಬೇಕು.

ಈ ವಾರ ಮಾಡಬೇಕಾದ್ದು

1. ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್ ಫೋನ್’ ತೆರೆಯಿರಿ. ಆಂಡ್ರಾಯ್ಡ್ ಎಷ್ಟನೇ ಆವೃತ್ತಿ, ಅಪ್‌ಡೇಟ್ ಬಾಕಿ ಇದೆಯಾ ನೋಡಿ. ಸಿಸ್ಟಂಗೂ ಆಯುಸ್ಸು ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ನಿಮ್ಮ ಸೊಸೈಟಿಯಲ್ಲಿ ಅದೇ ಓಡುತ್ತಿದ್ದರೆ ಸಭೆಯಲ್ಲಿ ಕೇಳಿ.

2. ಸ್ಟೋರೇಜ್ ನೋಡಿ. ಪೂರ್ತಿ ತುಂಬಿದರೆ ಸಿಸ್ಟಂಗೆ ಓಡಾಡಲು ಜಾಗವಿರುವುದಿಲ್ಲ. ಮೊದಲು ವಾಟ್ಸ್‌ಆ್ಯಪಿನ ವಿಡಿಯೊ ಅಳಿಸಿ, ಲೆಕ್ಕದ ಆ್ಯಪ್ ಅಲ್ಲ.

3. ಲೆಕ್ಕದ ಆ್ಯಪಿನಲ್ಲಿ ಬ್ಯಾಕಪ್ ಇವತ್ತೇ ಆನ್ ಮಾಡಿ. ಇಮೇಲ್, ಪಾಸ್‌ವರ್ಡ್ ಎರಡೂ ಮನೆಯ ಡೈರಿಯಲ್ಲಿ ಬರೆದಿಡಿ. ಹೊಸ ಆ್ಯಪ್ ಆರಿಸುವಾಗ ಲೆಕ್ಕವನ್ನು ಪಿಡಿಎಫ್ ಅಥವಾ ಎಕ್ಸೆಲ್ ಆಗಿ ಹೊರತೆಗೆಯಲು ಬಿಡುತ್ತದೆಯಾ ನೋಡಿ. ಬಿಡದಿದ್ದರೆ ಬೇಡ.

4. ವಾರಕ್ಕೊಮ್ಮೆ ಆ ಫೈಲನ್ನು ಮನೆಯವರ ಫೋನಿಗೆ ಕಳಿಸಿ. ಸುಗ್ಗಿಯಲ್ಲಾದರೆ ದಿನಾ.

5. ರಿಪೇರಿಗೆ ಕೊಡುವಾಗ ಒಂದೇ ಪ್ರಶ್ನೆ ಕೇಳಿ: ‘ಒಳಗಿರೋ ಡೇಟಾ ಉಳಿಯುತ್ತಾ?’ ಇಲ್ಲ ಅಂದರೆ ‘ಮೊದಲು ಅದನ್ನ ತೆಗೆಯೋಕೆ ಆಗುತ್ತಾ’ ಅಂತ ಕೇಳಿ. ಉತ್ತರ ಸಿಗುವವರೆಗೆ ಫೋನ್ ಕೊಡಬೇಡಿ.

ಈಗ ನಾನು ಸಂಜೆ ಕೂಲಿ ಲೆಕ್ಕ ಆ್ಯಪಿಗೆ ಹಾಕಿ, ಆ ದಿನದ ಪುಟವನ್ನು ಅಲ್ಲೇ ಎಲ್ಲರಿಗೂ ಓದಿ ಹೇಳುತ್ತೇನೆ. ನೋಟ್‌ಬುಕ್ಕಿನ ಅಮ್ಮ ತಮ್ಮ ಗೆರೆಗಳ ಜೊತೆ ತಾಳೆ ನೋಡಿ ‘ಸರಿ’ ಅಂದ ಮೇಲೇ ಫೋನ್ ಜೇಬಿಗೆ. ಕಳೆದ ಸುಗ್ಗಿಯಲ್ಲಿ ಎರಡು ಸಲ ತಪ್ಪು ಹಿಡಿದರು. ಎರಡು ಸಲವೂ ತಪ್ಪು ನನ್ನದೇ.